ಹುಲಿ ನಾಣ್ಯದ ಹೆಬ್ಬೆಟ್ಟು

ಚಿತ್ರದಲ್ಲಿ ಎಲ್ಲವೂ ನಿಂತಿದೆ.

ನಡುವೆ ಶವಪೆಟ್ಟಿಗೆ. ಅದರ ಮುಚ್ಚಳವನ್ನು ಇಬ್ಬರು ಆಳುಗಳು ಎತ್ತಿ ಹಿಡಿದಿದ್ದಾರೆ, ಇನ್ನೂ ಇಳಿಸಿಲ್ಲ. ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಉಳಿದ ಒಂದು ಗೇಣು ಕತ್ತಲೆಯಲ್ಲಿ ಊಯ್ ತಿಯಾಂಗ್ ಹಿನ್ ಅವರ ಹಣೆ ಮಾತ್ರ, ಬೆಳಗಾದರೂ ಮುಳುಗಲು ಮರೆತ ಚಂದ್ರನಂತೆ, ತೆಳ್ಳಗೆ ಕಾಣುತ್ತದೆ. ಎಡಗಡೆಯ ದೇವರ ಗೂಡಿಗೆ ಕೆಂಪು ಕಾಗದ ಅಂಟಿಸಿದ್ದಾರೆ, ಬಲಗಡೆಯ ನಿಲುಗನ್ನಡಿಗೂ ಅಂಟಿಸಿದ್ದಾರೆ. ದೇವರೂ ಕನ್ನಡಿಯೂ ಈ ಹೊತ್ತನ್ನು ನೋಡಬಾರದು. ಊದುಬತ್ತಿಯ ಹೊಗೆ ನೆಟ್ಟಗೆ ಮೇಲೆದ್ದು, ತಲೆಯ ಮಟ್ಟಕ್ಕೆ ಬಂದು, ಅಲ್ಲಿ ಯಾರದೋ ಹೆಸರು ನೆನಪಾದಂತೆ ಬಾಗಿ ನಿಂತಿದೆ. ಪುರೋಹಿತನ ಎತ್ತಿದ ಕೈಯಲ್ಲಿ ಗಂಟೆ.

ಪೆಟ್ಟಿಗೆಯ ಕಾಲ ಬಳಿ ಮಗಳು ಗಿಯೋಕ್ ಸಿಮ್, ಮುಷ್ಟಿಯನ್ನು ಬಾಯಿಗೊತ್ತಿಕೊಂಡಿದ್ದಾಳೆ. ಅವಳ ಪಕ್ಕದ ಗಿಡ್ಡ ಮಣೆಯ ಮೇಲೆ ತಾಯಿ.

ಇನ್ನಿಬ್ಬರು ಪೆಟ್ಟಿಗೆಗೆ ಬೆನ್ನು ಮಾಡಿದ್ದಾರೆ. ಒಂದು ಅಗಲವಾದ ಬೆನ್ನು, ಅಳಿಯ ವೀ ಲಿಯಾಂಗನದು. ಮತ್ತೊಂದು ಸಣಕಲು, ಎತ್ತರ. ಅದರ ಮೇಲೆ ಗೋಣಿಬಟ್ಟೆಯ ನಿಲುವಂಗಿ, ಸೊಂಟಕ್ಕೆ ನಾರಿನ ಹಗ್ಗ. ಹಿರಿಯ ಮಗ ತೊಡುವ ಶೋಕವಸ್ತ್ರ ಅದು. ಆ ಮನುಷ್ಯ ಗೋಡೆಗೆ ಹಣೆ ತಾಗುವಷ್ಟು ಹತ್ತಿರ ನಿಂತಿದ್ದಾನೆ.

ತಾಯಿ ಪೆಟ್ಟಿಗೆಯನ್ನು ನೋಡುತ್ತಿಲ್ಲ. ಆ ಬೆನ್ನನ್ನು ನೋಡುತ್ತಿದ್ದಾಳೆ.

ಆಸ್ಟ್ರೇಲಿಯದ ನೆಂಟರು ನೋಡಲೆಂದು ವೀ ಲಿಯಾಂಗ್ ಕಪಾಟಿನ ಮೇಲೆ ತನ್ನ ಫೋನನ್ನು ನಿಲ್ಲಿಸಿದ್ದ. ಅದು ಹಿಡಿದ ಒಂದು ಗಂಟೆಯ ದೃಶ್ಯದೊಳಗಿನ ಒಂದು ಕ್ಷಣವನ್ನು ನಾನು ಬೆರಳಿಟ್ಟು ನಿಲ್ಲಿಸಿದ್ದೆ. ಬೆಳಗಿನಿಂದ ಅದನ್ನೇ ನೋಡುತ್ತ ಕುಳಿತಿದ್ದೆ.

ಪೊಲೀಸ್ ಕಚೇರಿಯ ಹಿಂಬದಿಯ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ನಾನು ಹೆಬ್ಬೆಟ್ಟು ಓದಿದವನು. ಒಂದು ಹುಲಿ ನಾಣ್ಯದ ಮೇಲಿನ ಹೆಬ್ಬೆಟ್ಟನ್ನು ಓದಲೆಂದೇ ತಿಯಾಂಗ್ ಹಿನ್ ನನ್ನನ್ನು ಕರೆಸಿದ್ದರು. ಮೂರು ದಿನದ ಹಿಂದೆ ನಾನು ಬಂದಾಗ ಅವರು ಕುರ್ಚಿಯಲ್ಲೇ ತಣ್ಣಗಾಗಿದ್ದರು. ಮಡಿಲಲ್ಲಿದ್ದ ನಾಣ್ಯದ ಪೆಟ್ಟಿಗೆಯಲ್ಲಿ ಚೀನೀ ವರ್ಷಚಕ್ರದ ಹನ್ನೆರಡು ಪ್ರಾಣಿಗಳಿಗೆ ಹನ್ನೆರಡು ಗುಳಿ. ಹನ್ನೊಂದು ಪ್ರಾಣಿಗಳಿದ್ದವು, ಹುಲಿಯಿರಲಿಲ್ಲ.

"ಖಾವ್ ಅಪೆಕ್, ಇನ್ನೂ ಅದೇ ನೋಡ್ತಿದೀರಾ?" ವೀ ಲಿಯಾಂಗ್ ಕಪ್ಪು ಕಾಫಿಯ ಲೋಟ ತಂದು ಮುಂದಿಟ್ಟ. ಅಪೆಕ್, ದೊಡ್ಡಪ್ಪ, ಎಂದೇ ಈ ಮನೆಯ ಮಕ್ಕಳು ನನ್ನನ್ನು ಕರೆಯುವುದು. "ನನ್ನ ಬೆನ್ನು ಅಷ್ಟು ಚೆನ್ನಾಗಿದೆಯಾ?"

"ನೀನ್ಯಾಕಪ್ಪ ತಿರುಗಿ ನಿಂತಿದ್ದೆ?"

"ಪುರೋಹಿತ ಪಂಚಾಂಗ ನೋಡಿ ಕೂಗಿದ್ನಲ್ಲ, ಹುಲಿ ವರ್ಷದೋರು ಹಂದಿ ವರ್ಷದೋರು ಬೆನ್ನು ಮಾಡಿ, ನೋಡಿದ್ರೆ ಸತ್ತೋರಿಗೆ ಕೇಡು ಅಂತ. ನನ್ನ ಹೊಟ್ಟೆ ನೋಡಿದ ಮೇಲೂ ನಾನು ಯಾವ ಪ್ರಾಣಿ ಅಂತ ಕೇಳ್ತೀರಲ್ಲ!"

"ಅವನು?"

"ಅವನು..." ವೀ ಲಿಯಾಂಗ್ ಹಿಂದಿನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದ. "ಹುಲಿ ಇರ್ಬೇಕು. ಕೂಗಿದ ತಕ್ಷಣ ತಿರುಗಿದ. ನನಗಿಂತ ಮುಂಚೆ."

ನಾನು ಲೋಟ ಕೆಳಗಿಟ್ಟೆ. ಚಿತ್ರದಲ್ಲಿದ್ದ ಯಾವುದೋ ತಪ್ಪನ್ನು ಬೆಳಗಿನಿಂದ ನಾನು ಕಣ್ಣಿನಲ್ಲಿ ಮುಟ್ಟುತ್ತಿದ್ದೆ, ಕೈಗೆ ಸಿಗುತ್ತಿರಲಿಲ್ಲ. ಈಗ ಸಿಕ್ಕಿತು.

"ಗಿಯೋಕ್ ಸಿಮ್‌ನ ಕರಿ," ಎಂದೆ. "ಅವಳ ಅಣ್ಣನ ಜನನಪತ್ರ ತಗೊಂಡು ಬರಲಿ."

ಬೀದಿಗೆ ಚಪ್ಪರ ಹಾಕಿದ್ದರು. ಅದರ ಕೆಳಗೆ ವಾದ್ಯದವರು ಕಡಲೆಕಾಯಿ ಸುಲಿಯುತ್ತ ಹರಟುತ್ತಿದ್ದರು. ಬಿದಿರಿನ ಕಡ್ಡಿಗೆ ಕಾಗದ ಸುತ್ತಿ ಕಟ್ಟಿದ ಮೂರಂತಸ್ತಿನ ಮನೆ, ಸತ್ತವನೊಂದಿಗೆ ಉರಿಯಬೇಕಾದ ಮನೆ, ಗಾಳಿಗೆ ಉಸಿರಾಡುತ್ತಿತ್ತು. ಗಂಟೆ ಹತ್ತೂವರೆ. ಒಂದಕ್ಕೆ ಪೆಟ್ಟಿಗೆ ಎತ್ತುತ್ತಾರೆ.

ಗೋಣಿಬಟ್ಟೆಯ ಆ ಮನುಷ್ಯ ಈ ಮನೆಗೆ ಬಂದು ನಲವತ್ತು ದಿನವಾಗಿತ್ತು. ಬಾಗಿಲಲ್ಲಿ ನಿಂತು, "ನಾನು ಎಂಗ್ ಚುವಾನ್," ಎಂದಿದ್ದ. ಎಂಗ್ ಚುವಾನ್ ಈ ಮನೆಯ ಒಬ್ಬನೇ ಮಗ. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಹನ್ನೆರಡನೆಯ ವಯಸ್ಸಿಗೆ, ದಕ್ಕೆಯಿಂದ ಯಾರದೋ ಮೀನುದೋಣಿ ಹತ್ತಿ ಹೋದವನು. ದೋಣಿ ಮಗುಚಿತೆಂದು ಸುದ್ದಿ ಬಂತು, ಹೆಣ ಬರಲಿಲ್ಲ. ಹೊಸಿಲ ಬಳಿ ಅವನ ರಬ್ಬರ್ ಚಪ್ಪಲಿ ಮಾತ್ರ ಈ ಮೂವತ್ತಾರು ವರ್ಷವೂ ಹೊರಮುಖವಾಗಿಯೇ ಇತ್ತು. ಗುಡಿಸುವವರು ಅದನ್ನು ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದರು.

ಬಂದವನು ತಾನು ಗಡಿಯಾಚೆಯ ಥಾಯ್ ಊರು ಸಾತುನಿನ ಬೆಸ್ತರ ಮನೆಯಲ್ಲಿ ಬೆಳೆದೆನೆಂದ. ಮಾತಿನಲ್ಲಿ ಥಾಯ್ ರಾಗವಿತ್ತು. ತಾಯಿ ಒಂದು ಪ್ರಶ್ನೆಯನ್ನೂ ಕೇಳದೆ ಬಟ್ಟಲಿಗೆ ಅನ್ನ ಬಡಿಸಿದಳು. ತಂದೆ ಮಾತ್ರ ಕೊನೆಗೆ, ಸಾಯುವ ಹಿಂದಿನ ದಿನ, ನನಗೆ ಫೋನು ಮಾಡಿದರು: "ಕಣ್ಣನ್ನ ನಂಬಲ್ಲ ಖಾವ್, ಕಣ್ಣಿಗೆ ವಯಸ್ಸಾಗಿದೆ. ಬೆರಳನ್ನ ನಂಬ್ತೀನಿ. ಬಾ."

ಆ ಬೆರಳನ್ನು ನಾನೊಮ್ಮೆ ನೋಡಿದ್ದೆ. ನಮ್ಮ ಭಾನುವಾರದ ನಾಣ್ಯಕೂಟದಲ್ಲಿ, ಬಹಳ ಹಿಂದೆ. ತಿಯಾಂಗ್ ಹಿನ್ ಸಿಂಗಪುರಕ್ಕೆ ಹೋಗಿಬರುವ ಹಡಗಿನಲ್ಲಿ ಎಂಜಿನ್ ಕೆಲಸಕ್ಕಿದ್ದವರು. ಪ್ರತಿ ಹೊಸ ವರ್ಷಕ್ಕೆ ಆ ವರ್ಷದ ಪ್ರಾಣಿಯಿರುವ ಬೆಳ್ಳಿಯ ನಾಣ್ಯ ತರುತ್ತಿದ್ದರು. ಕನ್ನಡಿಯಂತೆ ಹೊಳೆಯುವ ಮೈಯ ನಾಣ್ಯ. ಅದನ್ನು ಅಂಚಿನಲ್ಲೇ ಹಿಡಿಯಬೇಕು, ಮೈ ಮುಟ್ಟಬಾರದು. ಮುಟ್ಟಿದ ಬೆರಳ ಬೆವರು ಬೆಳ್ಳಿಯನ್ನು ನಿಧಾನವಾಗಿ ತಿನ್ನುತ್ತದೆ. ಮೊದಲ ವರ್ಷ ಏನೂ ಕಾಣುವುದಿಲ್ಲ. ಐದನೆಯ ವರ್ಷಕ್ಕೆ ಮಂಜು. ಹತ್ತನೆಯ ವರ್ಷಕ್ಕೆ ಕಂದು ಬಣ್ಣದ ಪೂರ್ತಿ ಹೆಬ್ಬೆರಳು. ಹುಡುಗ ಕಣ್ಮರೆಯಾದ ಮೇಲೆ, ಅವನು ಕದ್ದು ಮುಟ್ಟಿದ್ದ ಹುಲಿಯ ಹೆಗಲ ಮೇಲೆ ಆ ಹೆಬ್ಬೆರಳು ತಂದೆಯ ಕಣ್ಣೆದುರೇ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಮಕ್ಕಳು ಬೆಳೆಯುವ ಹಾಗೆ.

ಕಣ್ಮರೆಯಾದವನ ಗುರುತುಗಳಲ್ಲಿ ಜೀವವಿರುವುದು ಅದೊಂದಕ್ಕೇ. ಮಗನ ಬೇರೆ ಯಾವ ಬೆರಳಚ್ಚೂ ಭೂಮಿಯ ಮೇಲಿಲ್ಲ.

ಗಿಯೋಕ್ ಸಿಮ್ ಬಂದಳು. ನಿದ್ದೆಯಿಲ್ಲದ ಕಣ್ಣು, ಕಪ್ಪು ಅಂಗಿಯ ತೋಳಿಗೆ ಪಿನ್ನು ಚುಚ್ಚಿದ ಶೋಕದ ಬಟ್ಟೆಚೌಕ. ಪತ್ರವನ್ನು ನನ್ನ ಮುಂದೆ ಬಿಡಿಸಿದಳು.

"ಹುಟ್ಟಿದ ದಿನ ಓದು."

"ಇಪ್ಪತ್ತೆರಡು ಜನವರಿ, ಎಪ್ಪತ್ನಾಲ್ಕು."

"ಆ ಸಲ ಹೊಸ ವರ್ಷ ಯಾವತ್ತು ಬಂತು?"

ಅವಳು ಫೋನಿನಲ್ಲಿ ಹುಡುಕಿದಳು. ತುಟಿ ಬಿಗಿಯಿತು. "ಇಪ್ಪತ್ಮೂರು."

"ಅಂದರೆ ನಿನ್ನಣ್ಣ ಹುಟ್ಟಿದಾಗ ಹುಲಿ ವರ್ಷ ಇನ್ನೂ ಶುರುವಾಗಿರಲಿಲ್ಲ. ಒಂದು ದಿನ ಬಾಕಿ ಇತ್ತು."

"ಎತ್ತು," ಎಂದಳು. "ಅಣ್ಣ ಎತ್ತು. ಅಪ್ಪ ಎಂಬತ್ತೈದರಲ್ಲಿ ಎತ್ತಿನ ನಾಣ್ಯ ತಂದು, ಇದು ನಿನ್ನದು ಕಣೋ ಅಂದಿದ್ರು. ನನಗೆ ನೆನಪಿದೆ. ನನಗೆ ಕುದುರೆ ಯಾವಾಗ ತರ್ತೀರಿ ಅಂತ ಅತ್ತಿದ್ದೆ."

"ಹುಡುಗ ಕಾಣೆ ಅಂತ ಆಗ ಪತ್ರಿಕೆಯಲ್ಲಿ ಬಂದ ಪ್ರಕಟಣೆ ನೋಡಿದವನಿಗೆ ಎಪ್ಪತ್ನಾಲ್ಕು ಅಂತಷ್ಟೇ ಗೊತ್ತು. ಎಪ್ಪತ್ನಾಲ್ಕು ಅಂದರೆ ಹುಲಿ ಅಂತ ಬೀದಿಯ ಯಾರನ್ನು ಕೇಳಿದರೂ ಹೇಳ್ತಾರೆ. ಜನವರಿಯೋರು ಹಿಂದಿನ ಪ್ರಾಣಿಗೆ ಸೇರ್ತಾರೆ ಅನ್ನೋದು ಅವಸರದಲ್ಲಿ ಮರೆತುಹೋಗುತ್ತೆ. ಆ ಮನೇಲಿ ಬೆಳೆದ ಹುಡುಗ ಮಾತ್ರ ಮರೆಯಲ್ಲ."

"ಸಿಕ್ಕಿಬಿದ್ದ," ಎಂದ ವೀ ಲಿಯಾಂಗ್. "ನಲವತ್ತು ದಿನದಿಂದ ನಮ್ಮತ್ತೆ ಕೈಯಡುಗೆ ತಿಂದು, ನನಗೆ ಬಡಿಸೋ ಮೀನಿನ ತಲೇನೂ ತಿಂದು..."

"ನಿನಗೆ ಮೀನಿನ ತಲೆ ಚಿಂತೆ!" ಗಿಯೋಕ್ ಸಿಮ್ ಗಂಡನ ಮೇಲೆ ಹರಿಹಾಯ್ದಳು. ಆಮೇಲೆ ನನ್ನ ಕಡೆ ತಿರುಗಿದಳು, ದನಿ ಬೇರೆಯಾಗಿತ್ತು. "ಅಪೆಕ್, ಒಂದು ಗಂಟೆಗೆ ಧೂಪದ ಪಾತ್ರೆ ಮಗನ ಕೈಗೆ ಕೊಡ್ಬೇಕು. ಅಪ್ಪ ಆ ಹೊಗೆ ಹಿಡ್ಕೊಂಡೇ ಹಿಂದೆ ಬರ್ತಾರೆ. ಬೇರೆ ಯಾರೋ ಹಿಡಿದ್ರೆ ಅಪ್ಪ ಯಾರ ಮನೆಗೆ ಹೋಗ್ತಾರೆ? ಸಾತುನ್‌ಗಾ?"

"ಕೊಡದೆ ಇದ್ದರೆ?"

ಅವಳು ಹೊಸಿಲ ಕಡೆ ನೋಡಿದಳು, ಚಪ್ಪಲಿಯ ಕಡೆ. "ಕೊಡದೆ, ನಿಜವಾಗ್ಲೂ ಅಣ್ಣನೇ ಆಗಿದ್ರೆ, ಅಪ್ಪ ಎರಡನೇ ಸಲ ಮಗನ್ನ ಕಳ್ಕೋತಾರೆ. ಈ ಸಲ ನನ್ನ ಕೈಯಿಂದ. ಅದಕ್ಕೇ ನಿಮ್ಮ ಕಾಲು ಹಿಡಿದಿರೋದು. ಒಂದು ಹೊಡೆಯೋದ್ರೊಳಗೆ ಹೇಳಿ. ಹೌದೋ, ಅಲ್ವೋ."

ರಕ್ತಪರೀಕ್ಷೆಯ ಮಾತು ಅವಳೇ ಹಿಂದೆ ಎತ್ತಿದ್ದಳು. ತಾಯಿ ಎರಡೂ ಕೈಗಳನ್ನು ಕಂಕುಳಿಗೆ ಸೇರಿಸಿ ಎದ್ದುಹೋಗಿದ್ದಳು. ಫಲಿತಾಂಶಕ್ಕೆ ವಾರಗಳೇ ಬೇಕು. ಹೆಣ ಅಷ್ಟು ದಿನ ಕಾಯುವುದಿಲ್ಲ.

ನಾನು ಫೋನನ್ನು ಜೇಬಿಗಿಟ್ಟು ಎದ್ದೆ. ಎದ್ದಾಗ ಮಂಡಿ ಸದ್ದು ಮಾಡಿತು. ಎಪ್ಪತ್ತಮೂರು ವರ್ಷದ ಮಂಡಿ ಯಾವ ಅಪರಾಧಿಯನ್ನೂ ಮುನ್ಸೂಚನೆಯಿಲ್ಲದೆ ಹಿಡಿಯಲಾರದು.

ಹಿಂದಿನ ಕೋಣೆ ಒಂದು ಕಾಲಕ್ಕೆ ಹುಡುಗನದಾಗಿತ್ತು. ಒಂದು ಬಾಗಿಲು ಮನೆಯೊಳಕ್ಕೆ, ಇನ್ನೊಂದು ಹಿತ್ತಿಲ ಓಣಿಗೆ. ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಆ ಚೌಕದ ಅಂಚಿನಾಚೆ ಕುಳಿತು ಅವನು ಚಿನ್ನದ ಬಣ್ಣದ ಕಾಗದವನ್ನು ದೋಣಿಯಾಕಾರದ ಗಟ್ಟಿಗಳಾಗಿ ಮಡಿಸುತ್ತಿದ್ದ. ಸತ್ತವರ ಖರ್ಚಿಗೆ. ಪಕ್ಕದಲ್ಲಿ ರಾಶಿ ಮಂಡಿಯೆತ್ತರಕ್ಕೆ ಬೆಳೆದಿತ್ತು. ಅವನ ಬೆರಳುಗಳು ದಪ್ಪ, ಉಪ್ಪು ತಿಂದ ಬೆರಳುಗಳು. ಆದರೂ ಕಾಗದ ಎಲ್ಲೂ ಹರಿಯುತ್ತಿರಲಿಲ್ಲ.

"ಹುಲಿರಾಯರಿಗೆ ಬಿಡುವಾಗಿದ್ರೆ ಒಂದು ಮಾತು," ಎಂದಳು ಗಿಯೋಕ್ ಸಿಮ್. ನಲವತ್ತು ದಿನಗಳಲ್ಲಿ ಅವಳು ಅವನನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಇದೇ ಮೊದಲು.

ಅವನು ಕತ್ತೆತ್ತಿದ. ನಾನು ಚಿತ್ರವನ್ನು ಅವನ ಮುಂದೆ ಹಿಡಿದೆ.

"ಇದು ನಿನ್ನ ಬೆನ್ನೇನಪ್ಪ?"

"ಹೌದು ಅಪೆಕ್."

"ಯಾಕೆ ತಿರುಗಿದೆ?"

"ಪುರೋಹಿತರು ಕೂಗಿದ್ರು. ಹುಲಿಯೋರು ತಿರುಗ್ಬೇಕು ಅಂತ."

"ನೀನು ಹುಲಿಯಾ?"

"ಹುಲಿ."

"ಯೋಚನೆ ಮಾಡಿ ಹೇಳು."

"ಹುಲಿಗೆ ಯೋಚನೆ ಯಾಕೆ ಅಪೆಕ್," ಎಂದ. ನಗಲು ನೋಡಿದ, ನಗು ಹತ್ತಿರ ಬಂದು ವಾಪಸಾಯಿತು. "ಹುಲಿನೇ."

ಗಿಯೋಕ್ ಸಿಮ್ ಜನನಪತ್ರವನ್ನು ಕಾಗದದ ಗಟ್ಟಿಗಳ ರಾಶಿಯ ಮೇಲೆ ಎಸೆದಳು. ಎರಡು ಮೂರು ಗಟ್ಟಿಗಳು ಉರುಳಿ ಬಿಸಿಲಿಗೆ ಬಂದವು. "ಓದಿ! ಇಪ್ಪತ್ತೆರಡು ಅಂತ ಇದೆ. ನಮ್ಮಣ್ಣ ಎತ್ತು. ಬೀದೀಲಿ ಯಾರ ಹತ್ರ ಕೇಳ್ಕೊಂಡು ಬಂದ್ರೋ ಅವರಿಗೆ ಸರಿಯಾಗಿ ಲೆಕ್ಕ ಬರಲ್ಲ ಅಂತ ಹೇಳಿ. ಬೇರೆ ಮನೆ ಹುಡುಕೋವಾಗ ಪಂಚಾಂಗ ನೋಡ್ಕೊಂಡು ಹೋಗಿ!"

ಸಿಕ್ಕಿಬಿದ್ದವರನ್ನು ನಾನು ನೂರಾರು ಸಲ ನೋಡಿದ್ದೇನೆ. ಕೆಲವರು ಬೆವರುತ್ತಾರೆ, ಕೆಲವರು ಕೂಗಾಡುತ್ತಾರೆ, ಕೆಲವರು ಸಿಗರೇಟು ಕೇಳುತ್ತಾರೆ. ಈತ ಪತ್ರವನ್ನು ಎತ್ತಿಕೊಂಡ, ಓದಲಿಲ್ಲ, ಮಡಿಕೆಯ ಗುರುತಿನ ಮೇಲೇ ಮಡಿಸಿ ನನ್ನ ಕೈಗೆ ಕೊಟ್ಟ.

"ಕಾಗದದಲ್ಲಿ ಎತ್ತು ಅಂತಲೇ ಇರುತ್ತೆ. ಗೊತ್ತು."

"ಗೊತ್ತಾ?" ಎಂದೆ. "ಗೊತ್ತಿದ್ದೂ ತಿರುಗಿದೆಯಾ?"

"ಅಪ್ಪನಿಗೆ ಕೇಡಾಗ್ಬಾರ್ದಲ್ಲ."

"ಹುಲಿ ಅಂತ ನಿನಗೆ ಹೇಳಿದ್ದು ಯಾರು?"

ಅವನ ಕಣ್ಣು ನನ್ನ ಹೆಗಲಾಚೆ ಹೋಯಿತು.

ಬಾಗಿಲಲ್ಲಿ ತಾಯಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಸಣ್ಣ ಹೆಂಗಸು, ಎಪ್ಪತ್ತನಾಲ್ಕು ವರ್ಷ. ನಡೆದರೆ ಸದ್ದಾಗುತ್ತಿರಲಿಲ್ಲ, ಆ ಮನೆಯಲ್ಲಿ ಸದ್ದಿಲ್ಲದ ವಸ್ತುಗಳೇ ಹೆಚ್ಚು. ಗೆಳೆಯನ ಹೆಂಡತಿಯನ್ನು ನಾನು ಮೊದಲಿನಿಂದಲೂ ಅಸೋ, ಅತ್ತಿಗೆ, ಎಂದೇ ಕರೆಯುವುದು.

"ಅವನನ್ನ ಯಾಕೆ ಗೋಳು ಹುಯ್ಕೋತೀರಿ," ಎಂದಳು. "ನನ್ನ ಕೇಳಿ."

"ಅಮ್ಮ, ನೀವು ಒಳಗೆ ಹೋಗಿ. ನಿಮಗೆ ಗೊತ್ತಾಗಲ್ಲ."

"ನಾನು ಹೆತ್ತಿದ್ದು ನನಗೆ ಗೊತ್ತಾಗಲ್ಲ, ಹುಟ್ಟೇ ಇರದ ನಿನಗೆ ಗೊತ್ತಾಗುತ್ತೆ!" ತಾಯಿ ಒಳಗೆ ಬಂದು ಮಂಚದ ತುದಿಯಲ್ಲಿ ಕುಳಿತಳು. "ಇಪ್ಪತ್ತೆರಡಲ್ಲ. ಇಪ್ಪತ್ಮೂರು. ಹೊಸ ವರ್ಷದ ದಿನ, ಬೆಳಗಿನ ಜಾವ ಐದಕ್ಕೆ. ಬೀದಿ ತುಂಬ ಪಟಾಕಿ. ಇವನು ಅತ್ತಿದ್ದು ನನಗೇ ಕೇಳಿಸ್ಲಿಲ್ಲ."

ಗಿಯೋಕ್ ಸಿಮ್ ನನ್ನ ಕೈಯಿಂದ ಜನನಪತ್ರ ಕಿತ್ತುಕೊಂಡು ಮತ್ತೆ ಬಿಡಿಸಿದಳು.

"ನಿಮ್ಮಪ್ಪ ಮಂಗ ವರ್ಷದೋರು. ಮಂಗಕ್ಕೂ ಹುಲಿಗೂ ಆಗಲ್ಲ, ಒಂದನ್ನೊಂದು ತಿನ್ನುತ್ತೆ. ಹುಲಿ ಹುಟ್ಟಿದ್ರೆ ಸಾಕೋಕೆ ಬೇರೆಯವರಿಗೆ ಕೊಟ್ಟುಬಿಡ್ಬೇಕು ಅಂತ ನಮ್ಮತ್ತೆ ನನಗೆ ಏಳು ತಿಂಗಳಾಗಿದ್ದಾಗಲೇ ಮನೇನೂ ಗೊತ್ತು ಮಾಡಿಟ್ಟಿದ್ರು. ಅವತ್ತು ರಾತ್ರಿ ಅತ್ತೆ ಮೊದಲ ಊದುಬತ್ತಿ ಹಚ್ಚೋಕೆ ದೇವಸ್ಥಾನಕ್ಕೆ ಹೋಗಿದ್ರು. ನಿಮ್ಮಪ್ಪನ ಹಡಗು ಕ್ಲಾಂಗ್ ಬಂದರಿನಲ್ಲಿ ಕೆಟ್ಟು ನಿಂತಿತ್ತು. ಮನೇಲಿ ನಾನು, ಸೂಲಗಿತ್ತಿ. ಅವಳ ಕಾಲಿಗೆ ಬಿದ್ದೆ. ನಿನ್ನೆ ರಾತ್ರಿ ಹನ್ನೊಂದಕ್ಕೇ ಹುಟ್ಟಿದ ಅಂತ ಹೇಳು ಅಂದೆ. ಬಳೆ ಬಿಚ್ಚಿ ಕೊಟ್ಟೆ." ಅವಳು ತನ್ನ ಬರಿ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಸವರಿಕೊಂಡಳು. "ಆರು ಗಂಟೆ ಕದ್ದೆ, ಅಷ್ಟೇ. ಅದಕ್ಕೆ ಹನ್ನೆರಡು ವರ್ಷ ಮಗ ಸಿಕ್ಕ."

"ಇದು ಅಪ್ಪನಿಗೆ..."

"ಯಾರಿಗೂ ಗೊತ್ತಿಲ್ಲ. ಇವನಿಗೊಬ್ಬನಿಗೆ ಹೇಳಿದ್ದೆ. ಅಪ್ಪನ ಮುಂದೆ ನೀನು ಎತ್ತು ಕಣೋ, ನನ್ನ ಮಡಿಲಲ್ಲಿ ಹುಲಿ ಅಂತ."

ಮೂವತ್ತನಾಲ್ಕು ವರ್ಷ ಗೆರೆಗಳನ್ನು ಓದಿದವನು ಒಂದು ಸರಳ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಎಂಬತ್ತೈದರಲ್ಲಿ ತಂದೆ ಎತ್ತಿನ ನಾಣ್ಯ ತಂದು, ಇದು ನಿನ್ನದು ಎಂದರು. ಹುಡುಗ ಅದನ್ನು ಮುಟ್ಟಲಿಲ್ಲ. ಆ ಎತ್ತು ಇಂದಿಗೂ ಕಲೆಯಿಲ್ಲದೆ ಹೊಳೆಯುತ್ತದೆ. ಮರುವರ್ಷ ಹುಲಿ ಬಂತು, ಯಾರೂ ಅವನದೆನ್ನಲಿಲ್ಲ. ಅದರ ಮೇಲೆ ಅವನು ಹೆಬ್ಬೆರಳೊತ್ತಿದ. ಮಕ್ಕಳ ತುಂಟತನವೆಂದು ತಂದೆ ನಂಬಿದ್ದರು, ನಾನೂ ನಂಬಿದ್ದೆ. ಅದು ಸಹಿಯಾಗಿತ್ತು.

ಹಾಗಾದರೆ ಹುಡುಗನಿಗೆ ಗೊತ್ತಿತ್ತು. ನನ್ನ ಎದುರಿಗೆ ಕುಳಿತವನಿಗೂ ಗೊತ್ತಿದೆ. ಸುಳ್ಳಿನ ಪುರಾವೆಯೆಂದು ನಾನು ಹಿಡಿದು ತಂದದ್ದು ಕೈಯಲ್ಲೇ ಮಗ್ಗುಲು ಬದಲಿಸಿತ್ತು. ಆದರೆ ಅದಕ್ಕೆ ಇನ್ನೊಂದು ಮಗ್ಗುಲೂ ಇತ್ತು. ಚಿತ್ರದಲ್ಲಿ, ಹುಲಿಯೆಂಬ ಕೂಗಿಗೆ ಆ ಬೆನ್ನು ತಿರುಗಿದಾಗ, ತಾಯಿಯ ಮುಖದಲ್ಲಿ ಅಚ್ಚರಿಯಿರಲಿಲ್ಲ. ಪಾಠ ಒಪ್ಪಿಸುವ ಮಗುವನ್ನು ನೋಡುವವರ ಮುಖ ಅದು.

"ಅಸೋ," ಎಂದೆ, "ಒಂದೇ ಒಂದು ಕೇಳ್ತೀನಿ. ನೀವಿದನ್ನು ಇವನಿಗೆ ಹೇಳಿದ್ದು ಯಾವಾಗ? ನಲವತ್ತು ವರ್ಷದ ಹಿಂದೆಯಾ? ನಲವತ್ತು ದಿನದ ಹಿಂದೆಯಾ?"

ಹೊರಗೆ ವಾದ್ಯದವನೊಬ್ಬ ತುತ್ತೂರಿಗೆ ಉಸಿರು ತುಂಬಿ ಪರೀಕ್ಷಿಸಿದ. ಒಂದೇ ಸ್ವರ, ನಡುವೆಯೇ ಕಡಿಯಿತು.

"ನಿಮಗೆ ಮಕ್ಕಳಿದಾರಾ ಖಾವ್?"

"ಇಲ್ಲ."

"ಅದಕ್ಕೇ ಕೇಳ್ತೀರಿ."

ಅವಳು ರವಿಕೆಯೊಳಗಿನ ಜೇಬಿಗೆ ಕೈಹಾಕಿ ಕರವಸ್ತ್ರದ ಗಂಟೊಂದನ್ನು ತೆಗೆದಳು. ಮಂಚದ ಮೇಲಿಟ್ಟು ಬಿಚ್ಚಿದಳು.

ಹುಲಿ.

ಗಿಯೋಕ್ ಸಿಮ್ ಉಸಿರೆಳೆದುಕೊಂಡಳು. "ನೀವಾ? ಅಮ್ಮ, ನೀವಾ ತಗೊಂಡಿದ್ದು?"

ನಾನು ಬಗ್ಗಿದೆ. ಭೂತಗನ್ನಡಿ ಜೇಬಿನಲ್ಲೇ ಇತ್ತು, ತೆಗೆಯಬೇಕಾಗಲಿಲ್ಲ. ಬೆಳ್ಳಿ ಹೊಸ ಚಮಚದಂತೆ ಬೆಳ್ಳಗಿತ್ತು. ಹುಲಿಯ ಪಟ್ಟೆಗಳು ಸವೆದಿದ್ದವು, ಒಂದು ಕಣ್ಣು ಹೋಗಿತ್ತು. ಕನ್ನಡಿಯಂತಿದ್ದ ಮೈತುಂಬ ಕೂದಲೆಳೆಯ ಗೀರುಗಳು, ಸುತ್ತಿ ಸುತ್ತಿ ಉಜ್ಜಿದ ಕೈಯ ಗುರುತು. ಹೆಗಲ ಮೇಲೆ ಮೂವತ್ತಾರು ವರ್ಷ ಬೆಳೆದಿದ್ದ ಕಂದು ಸುಳಿ ಇರಲಿಲ್ಲ. ಅದಿದ್ದ ಜಾಗ ಕೂಡ ಇರಲಿಲ್ಲ.

"ಹಲ್ಲುಪುಡಿ ಹಾಕಿ ಉಜ್ಜಿದೆ," ಎಂದಳು ತಾಯಿ. "ಎರಡು ಬೆಳಗ್ಗೆ ಬೇಕಾಯ್ತು. ಹೋಗ್ತಾನೇ ಇರ್ಲಿಲ್ಲ."

"ಯಾಕಮ್ಮ?" ಗಿಯೋಕ್ ಸಿಮ್‌ಳ ದನಿ ಮಗುವಿನದಾಯಿತು. "ಅದೊಂದೇ ಇತ್ತಲ್ಲ... ಅದೊಂದರಿಂದಲೇ ಗೊತ್ತಾಗ್ತಿತ್ತಲ್ಲ..."

"ಗೊತ್ತಾಗ್ಬಾರ್ದು ಅಂತಲೇ." ತಾಯಿಯ ಮಾತಿನಲ್ಲಿ ಕಂಪನವಿರಲಿಲ್ಲ. "ಮೂವತ್ತಾರು ವರ್ಷ ಈ ಮನೇಲಿ ಮಗ ಅಂದ್ರೆ ಒಂದು ಬೆರಳು. ನಿಮ್ಮಪ್ಪ ಅದನ್ನ ದಿನಾ ತೆಗೆದು ನೋಡೋರು, ಮುಚ್ಚಿಡೋರು. ಬೆರಳಿಗೆ ಅನ್ನ ಬಡಿಸೋಕಾಗುತ್ತಾ? ಬೆರಳಿಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡೋಕಾಗುತ್ತಾ? ಈಗ ಒಬ್ಬ ಬಂದಿದಾನೆ. ಉಣ್ತಾನೆ. ಗೊರಕೆ ಹೊಡೀತಾನೆ. ಚಪ್ಪಲಿ ಒಳಮುಖವಾಗಿ ಬಿಡ್ತಾನೆ. ಹೌದೋ ಅಲ್ವೋ ಅಂತ ನಾನು ಕೇಳ್ಲಿಲ್ಲ. ನೀನೂ ಕೇಳ್ಬೇಡ."

"ಯಾವಾಗ ತಗೊಂಡ್ರಿ ಅಸೋ?" ಎಂದು ಕೇಳಿದೆ.

"ಅವರು ಹೋದ ಮೇಲೆ. ಬೆಳಗ್ಗೆ ನೋಡಿದ್ರೆ ಕುರ್ಚೀಲಿ ಹೋಗ್ಬಿಟ್ಟಿದ್ರು. ನಾಣ್ಯ ಕೈಯಲ್ಲಿತ್ತು. ತಗೊಂಡೆ. ನೀವು ಹತ್ತಕ್ಕೆ ಬರ್ತೀರಿ ಅಂತ ಗೊತ್ತಿತ್ತಲ್ಲ."

ವೈದ್ಯರು ಹೃದಯವೆಂದು ಬರೆದುಕೊಟ್ಟಿದ್ದರು. ಅದಕ್ಕೆ ಎದುರಾಡಲು ನನ್ನ ಬಳಿ ಏನೂ ಇರಲಿಲ್ಲ. ಹೌದೆಂದೋ ಅಲ್ಲವೆಂದೋ ಹೇಳಲು ಕೂಡ ಇನ್ನು ಏನೂ ಉಳಿದಿರಲಿಲ್ಲ. ನಾನು ಗಿಯೋಕ್ ಸಿಮ್‌ಳ ಕಡೆ ನೋಡಿ ತಲೆಯಾಡಿಸಿದೆ. ನನ್ನ ವಿದ್ಯೆ ಇಷ್ಟೇ, ಮಗಳೇ.

ಅವಳು ಗೋಡೆಗೊರಗಿ ನಿಂತಳು. ಮುಖ ಒರೆಸಿಕೊಂಡಳು. ಹೊರಗೆ ಹೋದಳು. ನಡುಮನೆಯ ಮೇಜಿನ ಮೇಲಿದ್ದ ಧೂಪದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವನ ಮುಂದೆ ನಿಂತಳು. ಅದರಲ್ಲಿ ಮೂರು ಕಡ್ಡಿಗಳು ಉರಿಯುತ್ತಿದ್ದವು. ಬೂದಿ ಉದುರಿ ಅವಳ ಕೈ ಸುಟ್ಟರೂ ಅಲುಗಿಸಲಿಲ್ಲ.

"ತಗೊಳ್ಳಿ," ಎಂದಳು. "ಅಮ್ಮ ಹೇಳಿದ ಮೇಲೆ ಮುಗೀತು. ಒಂದು ಗಂಟೆಗೆ ನೀವೇ ಹಿಡೀಬೇಕು."

ತಾಯಿ ಕಣ್ಣು ಮುಚ್ಚಿಕೊಂಡಳು. ಅವಳ ಮುಖದಲ್ಲಿ ಅಷ್ಟು ವಿಶ್ರಾಂತಿಯನ್ನು ನಾನು ಎಂದೂ ಕಂಡಿರಲಿಲ್ಲ.

ಅವನು ಪಾತ್ರೆಗೆ ಕೈ ಚಾಚಲಿಲ್ಲ. ಮಂಚದ ಬಳಿಗೆ ಬಂದು ನಾಣ್ಯವನ್ನು ಎತ್ತಿಕೊಂಡ. ಅಂಚಿನಲ್ಲಿ, ಎರಡೇ ಬೆರಳ ನಡುವೆ, ಮೈ ಸೋಕದಂತೆ. ಬಿಸಿಲಿಗೆ ಒಂದಿಷ್ಟು ಓರೆ ಮಾಡಿ ನೋಡಿದ. ಬೆಳಕಿನ ಬಿಲ್ಲೆಯೊಂದು ಅವನ ಕೆನ್ನೆಯ ಮೇಲೆ ನಡುಗಿತು. ಬೆಸ್ತರ ಮನೆಯಲ್ಲಿ ಯಾರೂ ಹೀಗೆ ನಾಣ್ಯ ಹಿಡಿಯುವುದನ್ನು ಕಲಿಸುವುದಿಲ್ಲ ಎಂದು ನನ್ನ ಮನಸ್ಸು ಬರೆದುಕೊಂಡಿತು. ನಲವತ್ತು ದಿನ ಮುದುಕನ ಎದುರು ಕುಳಿತವನು ನೋಡಿಯೂ ಕಲಿತಿರಬಹುದು ಎಂದು ಅದರ ಕೆಳಗೇ ಬರೆದುಕೊಂಡಿತು.

"ಅಮ್ಮ," ಎಂದ. "ನಾನು ಪಾತ್ರೆ ಹಿಡಿಯಲ್ಲ."

ತಾಯಿ ಕಣ್ಣು ತೆರೆದಳು. "ಯಾಕೋ?"

"ಅದನ್ನ ಹಿಡಿದೋನು ದಾರಿಯುದ್ದ ಅಪ್ಪನ ಜೊತೆ ಮಾತಾಡ್ಬೇಕು. ಸೇತುವೆ ಬಂತು ಅಪ್ಪ, ತಿರುವು ಬಂತು ಅಪ್ಪ, ಬನ್ನಿ ಅಂತ. ಸುಳ್ಳು ಬಾಯಲ್ಲಿ ಕರೆದ್ರೆ ಅವರು ಬರಲ್ಲ."

"ನೀನೇನು ಸುಳ್ಳು ಹೇಳಿದೀಯ?"

"ನಾನು ಏನೂ ಹೇಳ್ಲಿಲ್ಲ. ಮೂರು ದಿನದಿಂದ. ಅದೇ." ಅವನು ನಾಣ್ಯವನ್ನು ಕರವಸ್ತ್ರದ ಮೇಲೆ ಇಟ್ಟ, ಹುಲಿ ಮೇಲ್ಮುಖವಾಗಿ. "ಅವತ್ತು ಬೆಳಗ್ಗೆ ನಾನೂ ಎದ್ದಿದ್ದೆ ಅಮ್ಮ. ಬಾಗಿಲ ಹತ್ರ ನಿಂತಿದ್ದೆ. ನೀವು ಅಪ್ಪನ ಬೆರಳು ಒಂದೊಂದಾಗಿ ಬಿಡಿಸ್ತಿದ್ರಿ."

"ಹೋದೋರ ಕೈ ಬಿಗಿಯಾಗಿರುತ್ತೆ," ಎಂದಳು ತಾಯಿ.

"ಹೌದು. ಹೋದೋರದ್ದು ಬಿಗಿಯಾಗಿರುತ್ತೆ." ಅವನು ಸೊಂಟದ ನಾರಿನ ಹಗ್ಗ ಬಿಚ್ಚಿದ. ಗೋಣಿಬಟ್ಟೆಯ ನಿಲುವಂಗಿಯನ್ನು ತಲೆಯ ಮೇಲಿಂದ ತೆಗೆದು, ನಾಲ್ಕಾಗಿ ಮಡಿಸಿ, ಮಂಚದ ಮೇಲೆ ಅವಳ ಪಕ್ಕದಲ್ಲಿ ಇಟ್ಟ. "ಅಪ್ಪಂದು ಬಿಡಿಸಿದ ಬೆರಳು ಮತ್ತೆ ಮುಚ್ಚಿಕೊಳ್ತಿತ್ತಮ್ಮ. ಇನ್ನೂ ಉಸಿರಿತ್ತು."

ಧೂಪದ ಪಾತ್ರೆ ಗಿಯೋಕ್ ಸಿಮ್‌ಳ ಕೈಯಲ್ಲಿ ಓರೆಯಾಯಿತು. ನಾನು ಹಿಡಿದೆ. ತಾಯಿ ನನ್ನನ್ನೂ ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ತನ್ನ ಎರಡು ಅಂಗೈಗಳನ್ನು ಮಡಿಲಿನಲ್ಲಿ ಬಿಡಿಸಿಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದಳು.

ಅವನು ಹಿತ್ತಿಲ ಬಾಗಿಲಿನ ಅಗುಳಿ ಸರಿಸಿದ. ಓಣಿಯ ಬಿಳಿ ಬೆಳಕು ಒಂದು ಕ್ಷಣ ಕೋಣೆಯ ಒಳಗೆಲ್ಲ ನುಗ್ಗಿತು.

"ಅಣ್ಣಾ..." ಎಂದಳು ಗಿಯೋಕ್ ಸಿಮ್.

ಬಾಗಿಲು ಅವನ ಹಿಂದೆ ಮುಚ್ಚಿಕೊಂಡಿತು.